ಸಿದ್ದಾಪುರವೆಂಬ ಸಣ್ಣ ಗ್ರಾಮ

ರಾಜಧಾನಿಗಳ ಚರಿತ್ರೆಯನ್ನು ಬರೆಯಲು ಪಂಡಿತರುಂಟು, ಶಾಸನಗಳುಂಟು. ಸಣ್ಣ ಗ್ರಾಮಗಳ ಚರಿತ್ರೆಯನ್ನು ಬರೆಯತಕ್ಕವರಾರು? ಬೆಂಗಳೂರಿನ ಲಾಲ್‌ಬಾಗಿನ ದಕ್ಷಿಣದ ಅಂಚಿಗೆ ಹೊಂದಿ, ಜಯನಗರಕ್ಕೆ ಮಗ್ಗುಲಾಗಿರುವ ಸಿದ್ದಾಪುರವು ಅಂತಹ ಗ್ರಾಮಗಳಲ್ಲೊಂದು. ನಗರವು ಅದನ್ನು ನುಂಗಿದೆಯಾದರೂ ಹೆಸರನ್ನು ಮಾತ್ರ ಜೀರ್ಣಿಸಿಕೊಂಡಿಲ್ಲ.

ಆ ಹೆಸರೇ ವಿಚಾರಯೋಗ್ಯವಾದುದು. ‘ಸಿದ್ಧ’ ಶಬ್ದದ ತದ್ಭವವು ‘ಸಿದ್ದ’. ಸಿದ್ದಾಪುರವೆಂದರೆ ಸಿದ್ಧರ ಊರು. ಉತ್ತರ ಕನ್ನಡದಲ್ಲಿಯೂ ಕೊಡಗಿನಲ್ಲಿಯೂ ಇದೇ ಹೆಸರಿನ ಊರುಗಳುಂಟು. ಚಿತ್ರದುರ್ಗ ಜಿಲ್ಲೆಯ ಸಿದ್ದಾಪುರದಲ್ಲಿ 1892ರಲ್ಲಿ ರೈಸ್ ಸಾಹೇಬರು ಅಶೋಕನ ಶಾಸನವನ್ನು ಕಂಡುಹಿಡಿದರು. ನಮ್ಮ ಜ್ಯೋತಿಷಿಗಳಿಗೋ ಸಿದ್ಧಪುರವು ಭೂಗೋಳದ ಮೇಲಣ ಒಂದು ಬಿಂದು. ಲಂಕೆಯಲ್ಲಿ ಸೂರ್ಯೋದಯವಾಗುವಾಗ ಸಿದ್ಧಪುರದಲ್ಲಿ ಸೂರ್ಯಾಸ್ತವೆಂದು ಆರ್ಯಭಟಾಚಾರ್ಯರು ಹೇಳಿರುವರು.

ಇನ್ನು ಭೂಮಿಯ ವಿಚಾರ. ಲಾಲ್‌ಬಾಗಿನ ಬಂಡೆಯು ಸುಮಾರು 300 ಕೋಟಿ ವರ್ಷಗಳ ಪ್ರಾಚೀನತೆಯುಳ್ಳದ್ದೆಂದು ಭೂಗರ್ಭಶಾಸ್ತ್ರಜ್ಞರ ಮತ. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರವಿರುವುದಷ್ಟೆ. ಬೆಂಗಳೂರು ಏಣಿನ ಮೇಲಿರುವ ಊರಾದುದರಿಂದ ಇಲ್ಲಿ ಬಿದ್ದ ಮಳೆಗೆ ಎರಡು ದಾರಿ. ಸಿದ್ದಾಪುರದ ಕಡೆಯ ನೀರು ಕೋರಮಂಗಲದ ಕಣಿವೆಯನ್ನು ಹಿಡಿದು, ಬೆಳ್ಳಂದೂರು ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಎರಡು ಮೈಲಿಯೊಳಗೆ, ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುವಳೆಂದು ಪ್ರತೀತಿಯುಳ್ಳ ವೃಷಭಾವತಿಯಾದರೋ ಅರ್ಕಾವತಿಯ ಮೂಲಕ ಕಾವೇರಿಗೆ ಸಲ್ಲುವಳು. ಅಕ್ಕತಂಗಿಯರಂತೆ ನೆರೆಯಲ್ಲಿ ಹುಟ್ಟಿದ ನೀರು ಬೇರೆ ಬೇರೆ ಮನೆಗಳನ್ನು ಹೊಕ್ಕಂತಾಯಿತು. ನೆರೆಮನೆಯ ಬಾಲಕನೊಬ್ಬನು ಅಮೆಜಾನ್ ನದಿಯ ವರ್ಣನೆಯನ್ನು ನಮಗೆ ತಡೆಯಿಲ್ಲದೆ ಒಪ್ಪಿಸಿದನು. ‘ನಿಮ್ಮ ಬಾಗಿಲ ಮುಂದಣ ಮಳೆನೀರು ಎಲ್ಲಿಗೆ ಹೋಗುವುದಪ್ಪಾ?’ ಎಂದರೆ, ‘ಮೋರಿಗೆ, ತಾತ!’ ಎಂದುಬಿಟ್ಟನು.

ಸಿದ್ದಾಪುರದ ಬಾಳು ಲಾಲ್‌ಬಾಗಿನೊಡನೆ ಹೆಣೆದುಕೊಂಡುದು. 1760ರಲ್ಲಿ ಹೈದರಾಲಿಯು ಆರಂಭಿಸಿದ ತೋಟವನ್ನು ಟಿಪ್ಪುವು ಬೆಳೆಸಿದನು; 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು; 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ ಮಹಾಶಯರು ಅದನ್ನು ಮತ್ತಷ್ಟು ತಿದ್ದಿದರು. ದೊಡ್ಡವರ ಹೆಸರುಗಳು ಗ್ರಂಥಗಳಲ್ಲಿ ಉಳಿದುವು. ಆದರೆ ಪಾತಿ ಮಾಡಿದವರಾರು, ನೀರು ಹೊತ್ತವರಾರು? ಸುತ್ತಣ ತೋಟಿಗರೇ ಅಲ್ಲವೆ! ವಿದ್ಯೆಗೆ ಬೇಲಿಯಿಲ್ಲ. ಸಿದ್ದಾಪುರವು ಸಸಿಗಳ ತೋಟಗಳಿಗೆ ಹೆಸರಾಯಿತು. ಕೆಮ್ಮಣ್ಣು, ಮರಳು, ಹಳೆಯ ಗೊಬ್ಬರಗಳನ್ನು ಹದವಾಗಿ ಬೆರೆಸುವುದು, ಕೊಂಬೆಯ ತೊಗಟೆಯನ್ನು ಬಳೆಯಂತೆ ಕೆತ್ತಿ ಗೂಟಿ ಕಟ್ಟುವುದು, ನಾಟಿ ಮಾವಿನ ಸಸಿಗೆ ಒಳ್ಳೆಯ ಜಾತಿಯ ಕಡ್ಡಿಯನ್ನು ಕಸಿಮಾಡುವುದು, ಇವೆಲ್ಲ ತಂದೆಯ ಕೈಯಿಂದ ಮಗನ ಕೈಗೆ ಬಂದ ವಿದ್ಯೆಗಳು. ಬೆಂಗಳೂರಿನ ಎಷ್ಟೋ ಅಂಗಳಗಳ ಮಲ್ಲಿಗೆ ಸಂಪಿಗೆಗಳ ತವರು ಇದು.

1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಿತು; ಆ ಕಾಲದ ಅಶೋಕ ಸ್ತಂಭವು ಸಮೀಪದಲ್ಲಿಯೇ ನಿಂತಿದೆ. ಮನೆಗಳು ಬಂದುವು, ಜನರಿಗೆ ನೆರಳು ಬೇಡವೆನ್ನುವವರಾರು? ಆದರೆ ನೆಲದ ಬೆಲೆಯೇರಿದಷ್ಟೂ ಗಿಡ ಬೆಳೆಸುವ ನೆಲವು ಕುಗ್ಗಿತು. ಮಡಿಯಲ್ಲಿದ್ದ ಸಸಿಯು ಕುಂಡಕ್ಕೆ, ಕುಂಡವು ತಾರಸಿಗೆ ಏರಿತು. ಮಾರುವವನಿಗೆ ಅಂಗಡಿ ಸಾಕು. ಕಸಿಮಾಡುವವನಿಗೆ ನೆಲವೇ ಬೇಕು. ನೆಲ ಹೋದರೆ ಕೈಯ ವಿದ್ಯೆಯೂ ಒಂದೆರಡು ತಲೆಮಾರಿನಲ್ಲಿ ಹೋಗುವುದು. ಹೋದ ಮೇಲೆ ಅದನ್ನು ಯಾವ ಗ್ರಂಥದಿಂದ ಕಲಿಯೋಣ?

ಆದುದರಿಂದ ವಾಚಕರಲ್ಲಿ, ವಿಶೇಷವಾಗಿ ಮನೆಯ ತಾಯಂದಿರಲ್ಲಿ, ನಮ್ಮದೊಂದು ವಿಜ್ಞಾಪನೆ. ನಿಮ್ಮ ಬಡಾವಣೆಯ ಅಡಿಯಲ್ಲಿಯೂ ಯಾವುದೋ ಗ್ರಾಮವಿದ್ದೀತು. ಅದರ ಹೆಸರು, ಎಲ್ಲೆ, ಕೆರೆ, ನೀರಿನ ದಾರಿ, ಅಲ್ಲಿಯವರ ಕಸುಬು, ಇಷ್ಟನ್ನು ಹಿರಿಯರಿಂದ ಕೇಳಿ, ಮಕ್ಕಳ ಕೈಯಿಂದಲೇ ಬರೆಯಿಸಿಡಿರಿ. ಸಸಿ ಕೊಳ್ಳುವಾಗ ತೋಟಿಗನನ್ನು ನಾಲ್ಕು ಮಾತು ಕೇಳುವುದಕ್ಕೂ ಮಕ್ಕಳಿಗೆ ಕಲಿಸಿರಿ. ಇಂದು ಕೇಳಿದರೆ ಹೇಳುವವರಿದ್ದಾರೆ.