ನನಗೆ ಬರುವುದಿಲ್ಲ ಎನ್ನುವ ಧೈರ್ಯ

ಮನೆಯ ಯಜಮಾನರು ಆಫೀಸಿನ ಕೆಲಸದ ಮೇಲೆ ದೂರದ ಊರಿಗೆ ಹೊರಟರೆ ನಮ್ಮ ಪಾಲಿಗೆ ಬರುವುದು ಬುತ್ತಿ ಕಟ್ಟುವ ಕೆಲಸ, ಅಲ್ಲವೇ ಸೋದರಿಯರೇ? 2019ರ ಚಳಿಗಾಲದಲ್ಲಿ ನಾನೂ ಹಾಗೇ ಇಪ್ಪತ್ತು ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ಕಟ್ಟಿ ನಮ್ಮವರನ್ನು ಬೆಂಗಳೂರಿನ ರಾತ್ರಿ ಬಸ್ಸಿಗೆ ಕಳಿಸಿದೆ. ಸರ್ಕಾರಿ ನೌಕರರಿಗಾಗಿ ಅಲ್ಲಿ ಎರಡು ದಿನ ತಂತ್ರಜ್ಞಾನದ ಸಮ್ಮೇಳನವಿತ್ತು. ಅವರು ತಿರುಗಿ ಬಂದ ಮೇಲೆ ನಮ್ಮ ಮನೆಯಲ್ಲಿ ಆದ ಬದಲಾವಣೆಯನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕು ಅನ್ನಿಸಿದೆ.

ನಮ್ಮದು ಮೋರಖಂಡಿ. ಇವರು ದಿನಾ ಇಲ್ಲಿಂದ ತಾಲ್ಲೂಕಿನ ಒಂದು ಕಚೇರಿಗೆ ಹೋಗಿ ಬರುತ್ತಾರೆ. 1999ರಲ್ಲಿ ನೌಕರಿಗೆ ಸೇರಿದಾಗ ಇವರ ಅಕ್ಷರಕ್ಕೇ ಹೆಸರು. ರಿಜಿಸ್ಟರಿನಲ್ಲಿ ಬರೆದರೆ ಮುತ್ತು ಪೋಣಿಸಿದ ಹಾಗೆ. ಮೇಲಿನವರು ಸಹ "ಈ ಪತ್ರ ನೀವೇ ಬರೀರಿ" ಅಂತ ಇವರನ್ನೇ ಕರೆಯುತ್ತಿದ್ದರಂತೆ. ನಮ್ಮ ಮದುವೆ ಮಾತುಕತೆಯಲ್ಲಿ ನನ್ನ ಅಪ್ಪ ಮೆಚ್ಚಿಕೊಂಡಿದ್ದೂ ಆ ಅಕ್ಷರವನ್ನೇ.

ಆಮೇಲೆ ಕಂಪ್ಯೂಟರು ಬಂತು. ಮೊದಮೊದಲು ಮೂಲೆಯ ಮೇಜಿನ ಮೇಲೆ ಒಂದಿತ್ತು, ಬರಬರುತ್ತ ಎಲ್ಲ ಮೇಜಿಗೂ ಬಂತು. ಇವರ ಮುತ್ತಿನಂಥ ಅಕ್ಷರ ಯಾರಿಗೂ ಬೇಡವಾಯಿತು. ಸರ್ಕಾರ 2012ರಲ್ಲಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮ ತಂದಿತು. ಅದನ್ನು ಪಾಸು ಮಾಡದಿದ್ದರೆ ಬಡ್ತಿಗೆ ತೊಡಕು. ಗಡುವನ್ನು ಹಲವು ಸಲ ಮುಂದೂಡಿದರು. ಇವರೂ ಗಡುವಿನ ಜೊತೆ ತಾವೂ ಮುಂದೂಡುತ್ತ ಹೋದರು. ಇದ್ಯಾವುದೂ ನನಗೆ ಗೊತ್ತಿರಲಿಲ್ಲ ನೋಡಿ. ಬಡ್ತಿ ಯಾಕೆ ಬರಲಿಲ್ಲವೆಂದು ಕೇಳಿದರೆ "ಪಟ್ಟಿ ಇನ್ನಾ ಬಂದಿಲ್ಲ" ಅನ್ನುತ್ತಿದ್ದರು. ನಾನೂ ನಂಬಿದ್ದೆ.

ಗೊತ್ತಾದದ್ದು ಹುಮನಾಬಾದಿನ ಒಂದು ಮದುವೆಯಲ್ಲಿ. ಊಟದ ಸಾಲಿನಲ್ಲಿ ಪಕ್ಕಕ್ಕೆ ಕುಳಿತಿದ್ದವರು ಇವರಿಗಿಂತ ಆರು ವರ್ಷ ಕಿರಿಯ ನೌಕರರ ಮನೆಯವರು. "ನಮ್ಮನಿಯವ್ರಿಗಿ ಬಡ್ತಿ ಆಯ್ತ್ರಿ ಅಕ್ಕೋರೆ. ನಿಮ್ಮವ್ರು ಕಂಪ್ಯೂಟರ್ ಪರೀಕ್ಷಾ ಕಟ್ಟೇ ಇಲ್ಲಂತಲ್ರೀ, ಯಾಕ?" ಅಂದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೂ ಬಾಯಲ್ಲಿದ್ದ ತುತ್ತು ಇಳಿಯಲಿಲ್ಲ. ಬಡ್ತಿ ತಪ್ಪಿದ್ದಕ್ಕಿಂತ ನನ್ನಿಂದ ಮುಚ್ಚಿಟ್ಟರಲ್ಲ ಎಂಬುದೇ ಹೆಚ್ಚು ಸುಟ್ಟಿತು.

ಬಸ್ಸಿನಲ್ಲಿ ಮಾತಾಡಲಿಲ್ಲ. ಮನೆಗೆ ಬಂದು ಜಗಳ ಕಾಯ್ದೆ. ಇವರು ಒಂದೇ ಮಾತು ಅಂದರು, "ನಿನಗ ತಿಳೀಲ್ಲ ಬಿಡು." ಅಲ್ಲಿಂದ ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತಬಾರದು ಎಂಬಂತಾಯಿತು. ಪಿಯುಸಿ ಓದುತ್ತಿದ್ದ ಮಗಳು "ಅಪ್ಪಾ, ನಾ ಹೇಳಿ ಕೊಡ್ತೀನಿ" ಅಂದರೆ ಅವಳ ಮೇಲೂ ಸಿಡುಕು. ಒಂದು ರಾತ್ರಿ ನೀರು ಕುಡಿಯಲು ಎದ್ದೆ. ಅಡಿಗೆಮನೆಯಲ್ಲಿ ನೀಲಿ ಬೆಳಕು. ಇವರು ಮಗಳ ಹಳೆಯ ಲ್ಯಾಪ್‌ಟಾಪನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟುಕೊಂಡು ಒಂದೊಂದೇ ಕೀಲಿ ಹುಡುಕುತ್ತಿದ್ದರು. ನನ್ನ ಹೆಜ್ಜೆ ಸಪ್ಪಳ ಕೇಳಿದ್ದೇ ತಡ, ಟಪ್ಪನೆ ಮುಚ್ಚಿದರು. ನಾನು ಕಾಣದವಳ ಹಾಗೆ ಹೋಗಿ ಮಲಗಿದೆ. ಆ ರಾತ್ರಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಅಂಥ ಹೊತ್ತಿಗೆ ಸಮ್ಮೇಳನದ ಪಟ್ಟಿಯಲ್ಲಿ ಇವರ ಹೆಸರು ಬಂತು. ಮೊದಲು ಹೊಟ್ಟೆನೋವು ಅಂದರು, ಆಮೇಲೆ ತೊಗರಿ ರಾಶಿ ಅದ ಅಂದರು. "ರಾಶಿ ನಾ ನೋಡ್ಕೋತೀನಿ, ನೀವು ಹೋಗಿ ಬರ್ರಿ" ಅಂದೆ. ಹೋದರು.

ಮೊದಲ ದಿನ ದೊಡ್ಡ ಸಭಾಂಗಣ, ದೊಡ್ಡ ಪರದೆ, ದೊಡ್ಡ ಮಾತು. 'ಭೂಮಿ' ಯೋಜನೆಯ ಕಥೆ ಹೇಳಿದರಂತೆ. ನಿಮ್ಮಲ್ಲಿ ಹೊಲ ಇದ್ದವರಿಗೆ ನೆನಪಿರಬೇಕು. ಮೊದಲು ಪಹಣಿ ಬೇಕಾದರೆ ಊರಿನ ಲೆಕ್ಕಿಗರನ್ನು ಹುಡುಕಿಕೊಂಡು ಹೋಗಬೇಕಿತ್ತು. ಅವರು ಬರೆದು ಕೊಟ್ಟದ್ದೇ ಪಹಣಿ. ರಾಜ್ಯದಲ್ಲಿ ಒಂಬತ್ತು ಸಾವಿರದಷ್ಟು ಲೆಕ್ಕಿಗರ ಕೈಬರಹದಲ್ಲಿದ್ದ, ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು 2000ದ ಆಸುಪಾಸಿನಲ್ಲಿ ಕಂಪ್ಯೂಟರಿಗೆ ಏರಿಸಿದರು. ಆಗ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ. ಹೊರದೇಶದವರೂ ಇದನ್ನು ಹೊಗಳಿದರು. ಆದರೆ ಆ ಲೆಕ್ಕಿಗರು ತಮ್ಮ ಕೈಬರಹ ನಿಂತ ದಿನ ಏನು ಅಂದುಕೊಂಡರೋ ಎಂದು ಇವರು ಕುಳಿತಲ್ಲೇ ಯೋಚಿಸುತ್ತಿದ್ದರಂತೆ. ಅದನ್ನು ವೇದಿಕೆಯ ಮೇಲೆ ಯಾರೂ ಹೇಳಲಿಲ್ಲ. ಆ ದಿನ ಇವರಿಗೆ ಸಿಕ್ಕಿದ್ದು ಒಂದು ಬಟ್ಟೆಚೀಲ, ಒಂದು ಪೆನ್ನು, ಒಂದು ನೋಟುಪುಸ್ತಕ.

ನಿಜವಾದ ಪಾಠ ಎರಡನೆಯ ದಿನದ್ದು. ಮೂವತ್ತು ಮೂವತ್ತು ಜನರ ಗುಂಪು ಮಾಡಿ ತರಬೇತಿ. ಕಲಿಸುವ ಹುಡುಗ ಚುರುಕು. ಅವನು ಪರದೆ ಮೇಲೆ ಓಡುತ್ತಿದ್ದ, ಇವರೆಲ್ಲ ತಲೆಯಾಡಿಸುತ್ತಿದ್ದರು. ಅಷ್ಟರಲ್ಲಿ ವಿಜಯಪುರದ ಕಡೆಯ ಒಬ್ಬ ಹಿರಿಯ ಗುಮಾಸ್ತೆ, ನಿವೃತ್ತಿಗೆ ಎರಡೇ ವರ್ಷ ಉಳಿದ ಹೆಣ್ಣುಮಗಳು, ಎದ್ದು ನಿಂತರಂತೆ. "ಸರ್, ನೀವು ಭಾಳ ಜಲ್ದಿ ಹೊಂಟೀರಿ. ನನಗ 'ಕ್ಷ' ಎಲ್ಲಿ ಐತಿ ಅಂತ ಇನ್ನೂ ಸಿಕ್ಕಿಲ್ಲ. ನನಗ ಬರೂದಿಲ್ಲ, ಮೊದ್ಲಿಂದ ಹೇಳ್ರಿ."

ಕೆಲವರು ನಕ್ಕರು. ಆ ಹುಡುಗ ನಗಲಿಲ್ಲ. ಕೆಳಗಿಳಿದು ಬಂದು ಅವರ ಪಕ್ಕದಲ್ಲಿ ಕುಳಿತ. "ಇನ್ನು ಯಾರ್ಯಾರಿಗೆ ಸಿಕ್ಕಿಲ್ಲ?" ಎಂದು ಕೇಳಿದ. ಒಂದು ಕೈ ಎದ್ದಿತು, ಎರಡಾಯಿತು, ನೋಡುನೋಡುತ್ತ ಅರ್ಧ ಕೋಣೆ ಕೈ ಎತ್ತಿತು. ಅದರಲ್ಲಿ ಒಂದು ಕೈ ನಮ್ಮವರದು.

'ನುಡಿ' ತಂತ್ರಾಂಶದ ಕೀಲಿಗಳಲ್ಲಿ ಕೆ, ಎಫ್, ಎಕ್ಸ್ ಒಂದರ ಹಿಂದೆ ಒಂದು ಒತ್ತಿದರೆ 'ಕ್ಷ' ಬರುತ್ತದೆ. ಎಫ್ ಅಂದರೆ ಒತ್ತಕ್ಷರ ಜೋಡಿಸುವ ಕೀಲಿ. ಕೆ.ಪಿ. ರಾವ್ ಎಂಬ ನಮ್ಮ ಕನ್ನಡದವರೇ ಯೋಚಿಸಿ ಮಾಡಿದ ವಿನ್ಯಾಸವಂತೆ. ಕನ್ನಡದ ಅಷ್ಟೂ ಅಕ್ಷರಗಳನ್ನು ಇಂಗ್ಲಿಷಿನ ಸಣ್ಣ ಮಣೆಯೊಳಗೆ ಕೂಡಿಸಿದ್ದಾರೆ. ನಮ್ಮ ಕಡೆ ಮನೆಗೊಬ್ಬ ಲಕ್ಷ್ಮೀಬಾಯಿ ಇರುತ್ತಾಳೆ. ಆ ಹೆಸರಿನ ಅರ್ಜಿ ಬಂದರೆ ಇವರು ಮೆಲ್ಲಗೆ ಪಕ್ಕದ ಮೇಜಿಗೆ ಸರಿಸುತ್ತಿದ್ದರಂತೆ! ಅಂದು ಮಧ್ಯಾಹ್ನ ಹತ್ತು ಸಲ 'ಲಕ್ಷ್ಮೀಬಾಯಿ' ಎಂದೇ ಒತ್ತಿದರು.

ಮರುದಿನ ಮುಂಜಾನೆ ಮನೆಗೆ ಬಂದವರು ಚೀಲ ಇಡುವ ಮೊದಲೇ, "ನನಗ ಬರಲ್ಲ ಅಂತ ಹೇಳ್ಲಾಕ ಇಪ್ಪತ್ತು ವರ್ಷ ಬೇಕಾಯ್ತು ನೋಡು" ಅಂದರು. ಕಣ್ಣು ತುಂಬಿತ್ತು. ಮಗಳನ್ನು ಕರೆದು "ಇವತ್ತಿನಿಂದ ನೀನೇ ನನ್ನ ಮಾಸ್ತರು" ಅಂದರು. ಅಡಿಗೆಮನೆಯ ಲ್ಯಾಪ್‌ಟಾಪು ಪಡಸಾಲೆಗೆ ಬಂತು. ರೊಟ್ಟಿ ಬಡಿಯುತ್ತಲೇ ನಾನೂ ಕಿವಿಗೊಟ್ಟು ಕಲಿತೆ. ಹತ್ತನೇ ಇಯತ್ತೆ ಓದಿದ ನಾನು ಮೊದಲು ಟೈಪು ಮಾಡಿದ್ದು ಶೇಂಗಾ ಹಿಂಡಿ ಮಾಡುವ ವಿಧಾನ. ಖಾರ ಎಷ್ಟು ಎಂದು ಬರೆಯಲು ಕಾಲು ಗಂಟೆ ಹಿಡಿಯಿತು!

ಪರೀಕ್ಷೆ ಮೊದಲ ಸಲ ಆಗಲಿಲ್ಲ, ಎರಡನೆಯ ಸಲ ಪಾಸಾಯಿತು. ತಪ್ಪಿದ ವರ್ಷಗಳೇನೂ ತಿರುಗಿ ಬರಲಿಲ್ಲ. ಕಿರಿಯರಾಗಿದ್ದವರು ಈಗಲೂ ಇವರಿಗೆ ಮೇಲಿನವರೇ. ಅದು ಒಮ್ಮೊಮ್ಮೆ ಚುಚ್ಚುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಒಂದು ದಿನ ಕಚೇರಿಗೆ ಬಂದ ಮುದುಕಿಯೊಬ್ಬಳ ಕಡೆಗೆ ಪರದೆ ತಿರುಗಿಸಿ, "ಆಯೀ, ನಿನ್ನ ಹೆಸರು ಓದ್ತೀನಿ ಕೇಳು, ಸರಿ ಅದಾ?" ಎಂದು ಕೇಳಿದರಂತೆ. ಅವಳಿಗೆ ಓದು ಬರದು. ಕೇಳಿಸಿಕೊಂಡು, ಗಂಡನ ಹೆಸರು ತಪ್ಪಾಗಿದೆ ಅಂದಳು. ಅಲ್ಲೇ ತಿದ್ದಿದರು. ಇಲ್ಲದಿದ್ದರೆ ಆ ತಪ್ಪಿಗಾಗಿ ಅವಳು ಎಷ್ಟು ಸಲ ಬಸ್ಸಿನ ದುಡ್ಡು ಸುರಿಯಬೇಕಿತ್ತೋ! ತರಬೇತಿ ಅಂದರೆ ಇದೇ ಅಲ್ಲವೇ? ತನ್ನ ಪಕ್ಕ ಒಬ್ಬರು ಕುಳಿತು ಹೇಳಿಕೊಟ್ಟಿದ್ದನ್ನು ನೆನೆದು ತಾನೂ ಇನ್ನೊಬ್ಬರ ಕಡೆ ತಿರುಗುವುದು.

ನಮ್ಮ ಪಕ್ಕದ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಅನುಭವ ಮಂಟಪವಿತ್ತು ಎಂದು ನಾವೆಲ್ಲ ಕೇಳುತ್ತ ಬೆಳೆದವರು. ಬೇರೆ ಬೇರೆ ಕಾಯಕದವರು ಒಟ್ಟಿಗೆ ಕುಳಿತು ಕೇಳಿ ತಿಳಿದುಕೊಂಡ ಜಾಗ. ಕೇಳುವುದರಲ್ಲಿ ಅವಮಾನವಿಲ್ಲ ಎಂದು ಗೊತ್ತಿದ್ದ ನೆಲದವರೇ ನಾವು ಅದನ್ನು ಮರೆತಿದ್ದೆವು.

ಸೋದರಿಯರೇ, ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಬರುವುದಿಲ್ಲ ಎನ್ನುವುದನ್ನು ಮುಚ್ಚಿಟ್ಟುಕೊಂಡು ಸಿಡುಕುತ್ತಿರಬಹುದು. ಗಂಡನಿರಬಹುದು, ಅತ್ತೆಯಿರಬಹುದು, ನೀವೇ ಇರಬಹುದು. ಜಗಳ ಕಾಯುವ ಮೊದಲು ನೀವೇ ಒಮ್ಮೆ "ಇದು ನನಗೂ ಬರೂದಿಲ್ಲ, ಕೂಡೇ ಕಲಿಯೋಣ" ಅಂದು ನೋಡಿ. ನಾನು ಆ ಮದುವೆಯ ರಾತ್ರಿ ಹಾಗೆ ಅಂದಿದ್ದರೆ ಎಷ್ಟೋ ದಿನಗಳ ಮೌನ ಉಳಿಯುತ್ತಿತ್ತು. ಬೆಂಗಳೂರಿನ ಆ ಬಟ್ಟೆಚೀಲದಲ್ಲಿ ಈಗ ನಾನು ಸಂತೆಯಿಂದ ಕಾಯಿಪಲ್ಲೆ ತರುತ್ತೇನೆ. ಅದನ್ನು ಕಂಡಾಗಲೆಲ್ಲ, ಹೆಸರೂ ಗೊತ್ತಿಲ್ಲದ ಆ ವಿಜಯಪುರದ ಅಕ್ಕನಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.