ಮೂರು ಫ್ಯೂಸು ಹೋದ ಕತೆ

ಎಂಗಳ ಕಾರಿಂಗೆ ಇಪ್ಪತ್ತು ವರ್ಷ ಕಳುದತ್ತು. ಹಿಂಡಿ ಗೋಣಿ, ಬಾಳೆಗೊನೆ, ನೆಂಟ್ರು, ಎಲ್ಲವನ್ನೂ ಹೊತ್ತದು ಅದುವೇ.

ಕಳುದ ಮಳೆಗಾಲಲ್ಲಿ ಪಂಜಕ್ಕೆ ಒಂದು ತಿಥಿಗೆ ಹೋಗಿ ಬಪ್ಪಗ ಕಸ್ತಲೆ ಆತು. ಕಾಣಿಯೂರು ಕಳುದಪ್ಪಗ ಒಬ್ಬ° ಬೈಕಿನವ° ಎದುರು ಬಂದು ಕಾರು ನಿಲ್ಸಿ, ತುಳುವಿಲ್ಲಿ ಲಾಯ್ಕಲ್ಲಿ ಬೈದ°. ಹಿಂದಾಣ ಲೈಟೇ ಇಲ್ಲೆಡ, ಕುಟ್ಟುದು ರಜಲ್ಲಿ ತಪ್ಪಿತ್ತಡ. ಹಿಂದಾಣ ಸೀಟಿಲಿ ಅತ್ತೆ, ಎನ್ನ ಮಡಿಲಿ ಪುಳ್ಳಿ. ಎನ್ನ ಕೈಕಾಲು ನಡುಗಿತ್ತು.

ಮರುದಿನ ನೋಡಿರೆ 10 ಆಂಪಿಯರಿನ ಕೆಂಪು ಫ್ಯೂಸು ಹೋಗಿತ್ತು. ಹೊಸತ್ತು ಹಾಕಿದವು. ನಾಲ್ಕು ದಿನ ಸರಿ ಇತ್ತು, ಪುನಾ ಹೋತು. ಮೂರನೇದೂ ಹೋಗಿಯಪ್ಪಗ ಇವಕ್ಕೆ ಬೊಡುದತ್ತು. "20ರ ಹಳದಿ ಫ್ಯೂಸು ಹಾಕಿ ಬಿಡ್ತೆ" ಹೇಳಿದವು.

ಎನಗೆ ಹೆದರಿಕೆ ಆತು. ಫ್ಯೂಸು ಕಡಿವದು ವಯರು ಕರಂಚದ್ದ ಹಾಂಗೆ ಒಳುಶುಲೆ ಅಲ್ಲದಾ? ಹಿಂದೆ ಮನೆಯ ಫ್ಯೂಸಿಂಗೆ ದಪ್ಪ ತಂತಿ ಕಟ್ಟಿ ಬೋರ್ಡೇ ಕರಿ ಆದ್ದು ಎನಗೆ ಮರದ್ದಿಲ್ಲೆ. "ಕಾರಿಲಿ ಪೆಟ್ರೋಲು ಇದ್ದು, ಬೇಡ" ಹೇಳಿದೆ.

ಪುತ್ತೂರಿಲಿ ವಯರಿಂಗು ಮಾಡ್ತ ಒಬ್ಬನಲ್ಲಿಗೆ ಹೋದೆಯೊ°. ಅವ° ಲೈಟಿನ ಸಣ್ಣ ಬಲ್ಬುಗಳ ಎಲ್ಲ ತೆಗದು, ಫ್ಯೂಸಿನ ಜಾಗೆಲಿ ವಯರು ಕಟ್ಟಿದ ಒಂದು ಬಲ್ಬು ಹಾಕಿ, ಲೈಟಿನ ಸ್ವಿಚ್ಚು ಒತ್ತಿದ°. "ಇದು ಜೋರು ಹೊತ್ತಿರೆ ಶಾರ್ಟ್ ಇದ್ದು" ಹೇಳಿದ°. ವಯರುಗಳ ಆಡುಸಿ ಆಡುಸಿ ನೋಡಿದ°. ಹೊತ್ತಿದ್ದೇ ಇಲ್ಲೆ.

ಅಷ್ಟಪ್ಪಗ ಎನ್ನ ತಲಗೆ ಒಂದು ಹೋತು. ಮೂರು ಸರ್ತಿಯೂ ಆ ದಿನ ಆನು ಡಿಕ್ಕಿ ತೆಗದಿತ್ತಿದ್ದೆ. ಒಂದರಿ ಬಾಳೆಲೆ ಕಟ್ಟ, ಒಂದರಿ ಹಿಂಡಿ, ಮತ್ತೊಂದರಿ ಸೋಮವಾರ ಸಂತೆಯ ಚೀಲ. ಹೇಳ್ಲೆ ನಾಚಿಕೆ ಆತು, ಕಾರು ಬಿಡ್ಲೆ ಅರಡಿಯದ್ದ ಆನು ಎಂತ ಹೇಳುದು ಹೇಳಿ. ಆದರೂ ಹೇಳಿದೆ.

ಅವ° ಡಿಕ್ಕಿ ನೆಗ್ಗಿದ್ದೇ, ಬಲ್ಬು ಫಕ್ಕನೆ ಹೊತ್ತಿತ್ತು!

ಬಿಜಾಗರಿಯ ಹತ್ರೆ ರಬ್ಬರಿನ ಕೊಳವೆಯ ಒಳ, ನಂಬರ್ ಪ್ಲೇಟಿನ ಲೈಟಿಂಗೆ ಹೋಪ ವಯರಿನ ಚೋಲಿ ಒಡದು, ತಾಮ್ರ ತಗಡಿಂಗೆ ತಾಗಿಂಡಿತ್ತು. ಇಪ್ಪತ್ತು ವರ್ಷ ತೆಗದು ಹಾಕಿ ಮಾಡಿರೆ ಬಗ್ಗಿ ಬಗ್ಗಿ ಒಡೆಯದ್ದೆ ಇಕ್ಕಾ? ತುಂಡು ವಯರು ಜೋಡ್ಸಿ, ಟೇಪು ಸುತ್ತಿ, ಅದೇ 10ರ ಫ್ಯೂಸು ಹಾಕಿದ°. ಮತ್ತೆ ಇಷ್ಟರವರೆಗೆ ಹೋಯಿದಿಲ್ಲೆ.

ಈಗ ಹೊತ್ತೋಪಗ ಹೆರಡುವಗ ಆನು ಕಾರಿನ ಹಿಂದೆ ನಿಂದುಗೊಂಡು "ಲೈಟು ಹಾಕಿ, ಬ್ರೇಕು ಒತ್ತಿ" ಹೇಳ್ತೆ. ಇವು ರಜ್ಜ ಪರಂಚುತ್ತವು, ಆದರೂ ಒತ್ತುತ್ತವು. ನಿಂಗಳೂ ಹಾಂಗೆ ಒಂದರಿ ನೋಡಿಕ್ಕಿಯೇ ಹತ್ತಿ, ಅಕ್ಕಾ.