ಅಟ್ಟದಿಂದ ಇಳಿದ ಗಿಟಾರ್

ಹಿರೇಹಳ್ಳಿಯ ಆ ಮನೆಯ ಅಟ್ಟದಲ್ಲಿ ಹಿತ್ತಾಳೆ ಹಂಡೆ, ಮುರಿದ ತೊಟ್ಟಿಲುಗಳ ಹಿಂದೆ ಒಂದು ಗಿಟಾರ್ ಮಲಗಿತ್ತು. ಎಪ್ಪತ್ತರ ದಶಕದಲ್ಲಿ ತಾತ ಅದನ್ನು ಹಿಡಿದು ತುಮಕೂರಿನ ಗಣೇಶನ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾದವರ ಜೊತೆ ಕೂರುತ್ತಿದ್ದರಂತೆ. ರಾಜನ್–ನಾಗೇಂದ್ರರ ಹಾಡು ಬಂತೆಂದರೆ ಗಿಟಾರಿನವರಿಗೆ ಕೈತುಂಬ ಕೆಲಸ. ತಾತ ತೀರಿಕೊಂಡ ಮೇಲೆ ಅದನ್ನು ಕೇಳುವವರಿರಲಿಲ್ಲ.

ಕೇಳಿದವನು ಮೊಮ್ಮಗ. ಆಗಷ್ಟೇ ದ್ವಿತೀಯ ಪಿಯುಸಿ ಮುಗಿಸಿದ್ದ ಹುಡುಗ. ಮೊಬೈಲಿನಲ್ಲಿ ಅಮೆರಿಕದ ಹಳೆಯ ಜಾಝ್ ಗಿಟಾರೊಂದರ ಚಿತ್ರ ನೋಡಿ ಬೆಚ್ಚಿಬಿದ್ದ. ಅದೇ ಉಬ್ಬಿದ ಎದೆ, ಅದೇ ಇಂಗ್ಲಿಷಿನ ಎಫ್ ಅಕ್ಷರದಂಥ ಎರಡು ಸೀಳು! ಬೆಲೆ ಮಾತ್ರ ರೂಪಾಯಿ ಲೆಕ್ಕದಲ್ಲಿ ಹಲವು ಲಕ್ಷ. ಎಂಜಿನಿಯರಿಂಗ್ ಸೀಟಿನ ಶುಲ್ಕಕ್ಕೆ ಹಣ ಹೊಂದಿಸಲಾಗದೆ ಅಪ್ಪ ರಾತ್ರಿ ನಿದ್ದೆಗೆಟ್ಟಿದ್ದ ದಿನಗಳವು. ಅಪ್ಪ ಅಲ್ಲಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸದವರು. ‘ದೇವರೇ ಕಣ್ಣು ಬಿಟ್ಟ’ ಎಂದು ಅಮ್ಮ ಆಗಲೇ ಲೆಕ್ಕ ಹಾಕತೊಡಗಿದರು.

ಆ ಗಿಟಾರುಗಳಿಗೇಕೆ ಅಷ್ಟು ಬೆಲೆ? ಸಾಮಾನ್ಯ ಗಿಟಾರಿನ ಮೇಲ್ಹಲಗೆ ಚಪ್ಪಟೆ. ಆರ್ಚ್‌ಟಾಪ್ ಎಂಬ ಈ ಜಾತಿಯದು ಪಿಟೀಲಿನ ಹಾಗೆ ಕಮಾನು. ಅಮೆರಿಕದ ಕಲಮಜೂ ಎಂಬ ಊರಿನ ಆರ್ವಿಲ್ ಗಿಬ್ಸನ್ 1890ರ ದಶಕದಲ್ಲೇ ಹೀಗೆ ಕೆತ್ತಲು ತೊಡಗಿದ್ದ. ಅವನ ಹೆಸರಿನ ಕಂಪನಿ 1922ರಲ್ಲಿ ಎಫ್ ಸೀಳುಗಳ ಎಲ್‌–5 ಎಂಬ ಮಾದರಿಯನ್ನು ಹೊರತಂದಿತು. ಧ್ವನಿವರ್ಧಕ ಬಳಕೆಗೆ ಬಾರದ ಕಾಲ. ಜಾಝ್ ಮೇಳದ ತುತ್ತೂರಿ, ಡ್ರಮ್ಮುಗಳ ನಡುವೆ ಗಿಟಾರ್ ಕೇಳಿಸಬೇಕಿತ್ತಲ್ಲ! ಈ ಕಮಾನಿನ ಎದೆಯ ದನಿ ಚುರುಕಾಗಿ ಮುಂದಕ್ಕೆ ಚಿಮ್ಮುತ್ತಿತ್ತು.

ಕಮಾನನ್ನು ಹಲಗೆ ಬಗ್ಗಿಸಿ ಮಾಡುತ್ತಿರಲಿಲ್ಲ. ದಪ್ಪ ಸ್ಪ್ರೂಸ್ ಮರವನ್ನು ಉಳಿಯಿಂದ, ಪುಟ್ಟ ತೋಪಡಾದಿಂದ ಒಳಗೂ ಹೊರಗೂ ಕೊರೆಯುತ್ತಿದ್ದರು. ನಡುವೆ ದಪ್ಪ, ಅಂಚಿನತ್ತ ತೆಳು. ಬೆರಳಿನಿಂದ ತಟ್ಟುವುದು, ಕಿವಿಗೊಡುವುದು, ಇನ್ನೊಂದಿಷ್ಟು ಸವರುವುದು. ಒಂದು ಸವರು ಹೆಚ್ಚಾದರೆ ಎದೆ ಕುಸಿಯುತ್ತದೆ, ಕಡಿಮೆಯಾದರೆ ದನಿ ಹೂತುಹೋಗುತ್ತದೆ. ನ್ಯೂಯಾರ್ಕಿನ ಜಾನ್ ಡಿ’ಆಂಜೆಲಿಕೊ 1932ರಲ್ಲಿ ಅಂಗಡಿ ತೆರೆದು 1964ರಲ್ಲಿ ತೀರಿಕೊಳ್ಳುವವರೆಗೆ ಮಾಡಿದ್ದು ಸುಮಾರು 1,160 ಗಿಟಾರುಗಳನ್ನು ಮಾತ್ರ. ಇನ್ನು ನಮ್ಮ ದೇಶದ ಬ್ರಿಜ್ ಭೂಷಣ್ ಕಾಬ್ರಾ ಹಿಂದೂಸ್ತಾನಿ ರಾಗಗಳನ್ನು ನುಡಿಸಿದ್ದು ಗಿಬ್ಸನ್ ಕಂಪನಿಯ ಇಂಥದೇ ದೊಡ್ಡ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು. ಆ ದನಿ ಕೇಳಬೇಕೆಂದರೆ 1967ರ ‘ಕಾಲ್ ಆಫ್ ದಿ ವ್ಯಾಲಿ’ ಹಾಕಿ ಕೇಳಬಹುದು.

ಅಪ್ಪ–ಮಗ ಗಿಟಾರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಪರಿಚಯದ ಆಚಾರರ ಬಳಿಗೆ ಹೋದರು. ಬಾಗಿಲು, ಕಿಟಕಿ ಮಾಡುವ ಮುದುಕರಾದರೂ ಹಿಂದೊಮ್ಮೆ ವೀಣೆ ಮಾಡುವವರ ಬಳಿ ಇದ್ದವರು. ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ ಗುಬ್ಬಿ ತಾಲ್ಲೂಕು ಚೇಳೂರಿನ ‘ಸಿದ್ದು’ ಹಲಸನ್ನು ಹಣ್ಣಿಗಾಗಿ ಹೆಸರುವಾಸಿ ಮಾಡಿತು. ಇವರಿಗೆ ಹಲಸೆಂದರೆ ವೀಣೆಯ ಕೊಡ.

ಆಚಾರರು ಬೆಲೆಯ ಮಾತೇ ಎತ್ತಲಿಲ್ಲ. ಟಾರ್ಚ್ ಹಾಕಿ ಸೀಳಿನ ಅಂಚನ್ನು ನೋಡಿದರು. ಹುಡುಗನನ್ನು ಹತ್ತಿರ ಕರೆದರು.

‘ಎಷ್ಟು ಪದರ ಕಾಣುತ್ತೆ ನೋಡಪ್ಪಾ.’

‘ಮೂರು, ತಾತಾ.’

‘ಕೊರೆದ ಮರ ಆಗಿದ್ರೆ ಮೇಲಿನ ನಾರೇ ಅಂಚಿನಲ್ಲೂ ಇಳಿದು ಬರ್ಬೇಕಿತ್ತು. ಇದು ಪ್ಲೈವುಡ್ ಕಣಪ್ಪಾ. ಅಚ್ಚಿನಲ್ಲಿಟ್ಟು ಒತ್ತಿರೋದು.’

ಅಲ್ಲಿಗೆ ಲಕ್ಷಗಳು ಹಾರಿಹೋದವು. ಅಮೆರಿಕದ ಆಕಾರವನ್ನು ಕಣ್ಣಿಟ್ಟು ನೋಡಿ ಅಗ್ಗದ ಪ್ಲೈವುಡ್ಡಿನಲ್ಲಿ ಒತ್ತಿದ ಇಂಥ ಗಿಟಾರುಗಳು ನಮ್ಮ ದೇಶದಲ್ಲಿ ರಾಶಿ ರಾಶಿ ತಯಾರಾಗಿವೆ. ಹಾಗೆಂದು ಅವುಗಳನ್ನು ಹೀಗಳೆಯುವುದೂ ಸಲ್ಲ. ಕೆತ್ತಿದ ಗಿಟಾರನ್ನು ಕೊಳ್ಳಬಲ್ಲವರು ಯಾವ ಪೆಂಡಾಲಿನಲ್ಲಿದ್ದರು?

ದಾರಿಯುದ್ದಕ್ಕೂ ಅಪ್ಪ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಹುಡುಗ ಹೊಸ ತಂತಿ ಕಟ್ಟಿ ಶ್ರುತಿ ಮಾಡಿದ. ಬಿಡಿ ತಂತಿಗಳು ಸರಿಯಾಗಿ ನುಡಿದವು. ಬೆರಳು ಒತ್ತಿದಂತೆಲ್ಲ ಅಪಸ್ವರ. ‘ಹಾಳಾಗಿದೆ, ಗುಜರಿಗೆ ಹಾಕೋಣ’ ಎಂದ. ಆಗ ಅಪ್ಪ ಹತ್ತಿರ ಬಂದು ಕುಳಿತರು.

ಈ ಜಾತಿಯ ಗಿಟಾರಿನಲ್ಲಿ ತಂತಿಗಳನ್ನು ಹೊರುವ ಕುದುರೆಯನ್ನು ಅಂಟಿಸಿರುವುದಿಲ್ಲ. ತಂತಿಗಳ ಒತ್ತಡವೇ ಅದನ್ನು ಹಿಡಿದಿರುತ್ತದೆ. ತಂತಿಯ ಉದ್ದ ಅರ್ಧವಾದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ನುಡಿಯಬೇಕು. ಹನ್ನೆರಡನೆಯ ಮೆಟ್ಟಿಲು ಇರುವುದು ಆ ನಡುವಿನಲ್ಲಿ. ಇದನ್ನು ಹುಡುಗ ಭೌತಶಾಸ್ತ್ರದಲ್ಲಿ ಓದಿ ಅಂಕವನ್ನೂ ಪಡೆದಿದ್ದ. ಅಪ್ಪ ಓದಿರಲಿಲ್ಲ. ಆದರೆ ಮಗ ವಿವರಿಸುತ್ತಲೇ ಸ್ಟೀಲ್ ಸ್ಕೇಲ್ ತಂದರು. ಕತ್ತಿನ ತುದಿಯಿಂದ ಹನ್ನೆರಡನೆಯ ಮೆಟ್ಟಿಲಿಗೆ 12.5 ಅಂಗುಲ. ಅಲ್ಲಿಂದ ಕುದುರೆಗೆ ಮುಕ್ಕಾಲು ಅಂಗುಲ ಕಡಿಮೆ! ಅಟ್ಟಕ್ಕೆ ಹಾಕುವಾಗಲೋ ಧೂಳು ಒರೆಸುವಾಗಲೋ ಕುದುರೆ ಸರಿದುಹೋಗಿತ್ತು.

ಕುದುರೆಯ ಪಾದಗಳೂ ಎದೆಯ ಉಬ್ಬಿಗೆ ಸರಿಯಾಗಿ ಕೂತಿರಲಿಲ್ಲ. ಕೆಳಗೆ ಬೆಳಕು ನುಸುಳುತ್ತಿತ್ತು. ಅಪ್ಪ ತಂತಿಗಳನ್ನು ಸಡಿಲಿಸಿ ಉಪ್ಪು ಕಾಗದವನ್ನು ಗಿಟಾರಿನ ಎದೆಯ ಮೇಲೆ ಒರಟು ಮೇಲಾಗಿ ಹಾಸಿದರು. ಮಗ ಅದನ್ನು ಬಿಗಿಯಾಗಿ ಹಿಡಿದ. ಅಪ್ಪ ಅದರ ಮೇಲೆ ಕುದುರೆಯನ್ನು ಹಿಂದಕ್ಕೂ ಮುಂದಕ್ಕೂ ಉಜ್ಜಿದರು. ನೋಡುವುದು, ಮತ್ತೆ ಉಜ್ಜುವುದು. ಕಾರ್ಖಾನೆಯಲ್ಲಿ ಕೂದಲೆಳೆಯ ವ್ಯತ್ಯಾಸಕ್ಕೆ ಮಾಲು ವಾಪಸಾಗುವುದನ್ನು ಕಂಡ ಕೈ ಅದು. ರಾತ್ರಿ ಹತ್ತರ ಹೊತ್ತಿಗೆ ಪಾದದ ಕೆಳಗಿನ ಬೆಳಕು ಮಾಯವಾಯಿತು. ಕುದುರೆಯನ್ನು ಅದರ ಜಾಗಕ್ಕೆ ಸರಿಸಿ, ದಪ್ಪ ತಂತಿಗಳ ಕಡೆ ಒಂದಿಷ್ಟು ಹಿಂದಕ್ಕೆ ಓರೆಮಾಡಿ ಶ್ರುತಿ ಮಾಡಿದರು. ಹುಡುಗ ಹನ್ನೆರಡನೆಯ ಮೆಟ್ಟಿಲನ್ನು ಒತ್ತಿ ಮೀಟಿದ. ಸ್ವರ ನೇರವಾಗಿ ಬಂತು.

ಒಳಗಿನಿಂದ ಅಜ್ಜಿ, ‘ಯಾರೋ ಅದು?’ ಎಂದರು.

ಮರುದಿನ ಅಪ್ಪ ಸಹಕಾರ ಸಂಘದಲ್ಲಿ ಸಾಲಕ್ಕೆ ಅರ್ಜಿ ಹಾಕಿ ಬಂದರು. ಬರುವಾಗ ಜೇಬಿನಲ್ಲಿ ಒಂದು ದಪ್ಪ ಮೊಳೆ ಇತ್ತು. ಗಿಟಾರ್ ತಿರುಗಿ ಅಟ್ಟ ಹತ್ತಲಿಲ್ಲ. ನಡುಮನೆಯಲ್ಲಿ, ತಾತನ ಫೋಟೋದ ಪಕ್ಕ, ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಅದಕ್ಕೊಂದು ಜಾಗವಾಯಿತು.